ಮೇಲ್ಸೇತುವೆ ಮೇಲಿನ ಅಜ್ಜಿ

ಮಲ್ಲೇಶ್ವರ ಸ್ಟೇಷನ್ನಿನಲ್ಲಿ ತುಮಕೂರು ರೈಲಿಗೆ ಕಾಯುತ್ತಿದ್ದೆ. ರೈಲು ಎದುರಿನ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳಿದಾಗ ಪಕ್ಕದಲ್ಲಿದ್ದ ಅಜ್ಜಿ ಮೇಲ್ಸೇತುವೆಯ ಮೆಟ್ಟಿಲು ನೋಡಿ ನಿಟ್ಟುಸಿರು ಬಿಟ್ಟರು. ಅವರ ಬ್ಯಾಗು ಹಿಡಿದು ನಾನು ಮುಂದೆ ನಡೆದೆ. ಆಚೆ ಬದಿ ಇಳಿಯುವಷ್ಟರಲ್ಲಿ ರೈಲು ಬಂದೇಬಿಟ್ಟಿತು. ಅಜ್ಜಿ ಇನ್ನೂ ಸೇತುವೆಯ ನಡುವೆ ಇದ್ದರು.

"ನೀವು ಹತ್ಕೊಳ್ಳಿ!" ಅಲ್ಲಿಂದಲೇ ಕೂಗಿದರು. "ತುಮಕೂರು ಸ್ಟೇಷನ್ನಿಗೆ ಮಗಳು ಬಂದಿರ್ತಾಳೆ, ಅವಳಿಗೆ ಕೊಟ್ಬಿಡಿ. ನಾನು ಮುಂದಿನ ಗಾಡೀಲಿ ಬರ್ತೀನಿ. ಒಬ್ಬಟ್ಟಿದೆ, ಹುಷಾರು!"

ತುಮಕೂರಿನಲ್ಲಿ ಮಗಳು ಬ್ಯಾಗಿನ ಗುರುತು ಹಿಡಿದು ಗಾಬರಿಯಿಂದ ಕೇಳಿದರು. "ಅಮ್ಮ ಎಲ್ಲಿ?"

"ಮಲ್ಲೇಶ್ವರದ ಸೇತುವೆ ಮೇಲೆ."

ನಡೆದದ್ದು ಕೇಳಿ ಜೋರಾಗಿ ನಕ್ಕು, ನನ್ನ ಕೈಗೊಂದು ಒಬ್ಬಟ್ಟು ಇಟ್ಟರು. "ಅಮ್ಮ ಬರೋವರೆಗೂ ಇರಿ. ನಿಮಗೆ ಥ್ಯಾಂಕ್ಸ್ ಹೇಳದೆ ಕಳಿಸಿದ್ರೆ ನನ್ನ ಬಿಡಲ್ಲ."

ಆಫೀಸಿಗೆ ಫೋನ್ ಮಾಡಿ, ರೈಲಿನ್ನೂ ಬಂದಿಲ್ಲ ಎಂದೆ. ಯಾವ ರೈಲು ಎಂದು ಅವರೂ ಕೇಳಲಿಲ್ಲ.