ಹೊನ್ನಾಳಿಯಲ್ಲಿ ಹೊಸ ನೀರು

ಠಣ್, ಠಣ್, ಠಣ್. ಹುಣಸೆ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡಿಗೆ ಸುತ್ತಿಗೆಯ ಏಟು. ಎಪ್ಪತ್ತರ ದಶಕದ ಕೊನೆಯಲ್ಲಿ ಹೊನ್ನಾಳಿಯ ಹೊಳೆದಂಡೆಯ ಕ್ವಾರ್ಟರ್ಸಿನಲ್ಲಿದ್ದ ನಮಗೆಲ್ಲ ಆ ಸದ್ದಿನ ಅರ್ಥ ಒಂದೇ: ಹೊಳೆ ಏರುತ್ತಿದೆ, ಹೊರಡಿ.

ಆ ಪ್ಲ್ಯಾನ್ ಮಾಡಿದವರು ನೀರಾವರಿ ಎಂಜಿನಿಯರಾಗಿದ್ದ ನನ್ನ ಗಂಡ. ಕಂಬಿ ಬಡಿದರೆ ಸಿಬ್ಬಂದಿ ಪಂಪ್‌ಹೌಸಿಗೆ, ಹೆಂಗಸರು ಮಕ್ಕಳು ದಿಬ್ಬದ ಶಾಲೆಗೆ, ಅಲ್ಲಿಂದ ಲಾರಿಯಲ್ಲಿ ನ್ಯಾಮತಿಗೆ. ಮಳೆಗಾಲಕ್ಕೆ ಮುಂಚೆಯೇ ಡ್ರಿಲ್ ಶುರು. ಒಲೆ ಆರಿಸಿ, ಮಕ್ಕಳ ಕೈ ಹಿಡಿದು, ಸಿಂಗಲ್ ಫೈಲ್. ಕಾನ್ವೆಂಟಿನ ನನ್‌ಗಳು ವರ್ಷಗಟ್ಟಲೆ ಸಾಲಿನಲ್ಲಿ ನಡೆಸಿದ್ದರಲ್ಲ, ಎಲ್ಲರ ಮುಂದೆ ನಾನೇ.

ಆ ವರ್ಷ ಜಗಳೂರಿನಿಂದ ಗಂಡನ ಅಕ್ಕ ಬಂದಿದ್ದರು. ತಾಯಿ ತೀರಿದ ಮೇಲೆ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಡ್ರಿಲ್ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಏನೇ ಕಾನ್ವೆಂಟು, ನೀರು ಕಂಡು ಓಡಾಕೂ ಪ್ರಾಕ್ಟೀಸಾ? ನಮ್ಮೂರಾಗೆ ಕೆರೆಗೆ ಹೊಸ ನೀರು ಬಂತಂದ್ರೆ ಊರಿಗೂರೇ ಎದುರಿಗೆ ಹೋಗ್ತೈತೆ."

"ಅಕ್ಕಾ, ಇದು ಕೆರೆ ಅಲ್ಲ. ಪ್ಲೀಸ್, ಸೀರಿಯಸ್ಸಾಗಿ ತಗೊಳ್ಳಿ."

"ಆತು ತಾಯಿ, ನಿನ್ನ ಬೆನ್ನಿಗೇ ಬರ್ತೀನಿ. ಸಾಕಾ?"

ನಿಜವಾಗಿ ಕಂಬಿ ಬಡಿದ ದಿನ ನಮ್ಮಲ್ಲಿ ಹನಿ ಮಳೆಯಿಲ್ಲ. ಮೇಲೆಲ್ಲೋ ಸುರಿದದ್ದು ಕೆಂಪಗೆ ಇಳಿದು ಬರುತ್ತಿತ್ತು. ಅಕ್ಕ ಒಲೆ ಆರಿಸಿದರು, ಹೊರಗೆ ಬಂದರು, ನನ್ನ ಹಿಂದೆಯೇ ನಿಂತರು. ದಿಬ್ಬದ ಅರ್ಧ ಹತ್ತಿ ತಿರುಗಿದರೆ ಅವರು ಸಾಲಿನಲ್ಲಿರಲಿಲ್ಲ.

ಸಂಜೆ ಶಾಲೆಗೆ ಬಂದ ನನ್ನ ಗಂಡ ಕೇಳಿದ್ದು ಅದೊಂದನ್ನೇ. "ಅಕ್ಕ ಎಲ್ಲಿ?" ಬಸುರಿಯರನ್ನು, ಕಣ್ಣು ಕಾಣದ ಮುದುಕರನ್ನು, ಎಮ್ಮೆ ಬಿಟ್ಟು ಬರಲೊಲ್ಲದವರನ್ನು, ಎಲ್ಲರನ್ನೂ ಯೋಚಿಸಿ ಮಾಡಿದ ಪ್ಲ್ಯಾನ್ ಅದು. ನೀರನ್ನು ಎದುರುಗೊಳ್ಳಲು ಹೋಗುವವರೂ ಇರುತ್ತಾರೆಂದು ಜಗಳೂರಿನಲ್ಲೇ ಹುಟ್ಟಿದ ಇವರಿಗೆ ಹೊಳೆಯಲಿಲ್ಲ. ಚಿಕ್ಕವರಿದ್ದಾಗ ಕೆರೆಯ ಹೊಸ ನೀರು ತೋರಿಸಲು ಇವರ ಕೈ ಹಿಡಿದು ಕರೆದೊಯ್ದವರೇ ಅಕ್ಕ. ದೇಹ ಸಿಗಲಿಲ್ಲ. ಬಂದವರೆಲ್ಲ "ಗಂಗಮ್ಮ ಕರಕೊಂಡ್ಲು" ಅಂದರು. ನನಗೆ ಅದರಿಂದ ಯಾವ ಕಂಫರ್ಟೂ ಆಗಲಿಲ್ಲ, ಇವತ್ತಿಗೂ ಇಲ್ಲ. ಆಮೇಲೆ ನನ್ನ ಗಂಡ ಚನ್ನಗಿರಿಗೆ ಟ್ರಾನ್ಸ್‌ಫರ್ ಕೇಳಿ ಪಡೆದರು. ಅಲ್ಲಿ ಮಳೆ ಬಂದರೆ ಕಿಟಕಿ ಮುಚ್ಚಿಸುತ್ತಿದ್ದರು, ಅಷ್ಟೇ.

ಆ ದಿನ ಸಾಲಿನಲ್ಲಿ ಅವರಿಲ್ಲವೆಂದು ಕೆಳಗೆ ನೋಡಿದಾಗ, ದಿಬ್ಬದ ಮೇಲಿಂದ ನಾನು ಅಕ್ಕನನ್ನು ಕಂಡೆ. ಮನೆಗೆ ವಾಪಸು ಹೋಗಿ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು, ಹೊಳೆಗೆ ಬಾಗಿನ ಕೊಡಲು ಹೊರಟಿದ್ದರು. ಕಿರುಚಿದೆ. ತಲೆಯೆತ್ತಿ ನೋಡಿದರು.

"ಮುಂದೆ ನಡಿಯೇ, ಬಂದೆ! ಮನೆ ಬಾಗಿಲಿಗೆ ಬಂದಾಕೀನ ಬರಿಗೈಲಿ ಕಳಿಸಾಕೆ ಆಗ್ತೈತಾ?"

ಸೆರಗು ತಲೆಗೆಳೆದುಕೊಂಡು, ಮೊರ ಎರಡೂ ಕೈಯಲ್ಲಿ ಹಿಡಿದು, ಹೊಳೆಯ ಮೆಟ್ಟಿಲಿಳಿದರು.