ಎರಡು ಪೆಟ್ಟಿಗೆ ದ್ರಾಕ್ಷಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಇರುವೆಗಳು ಪ್ರತ್ಯಕ್ಷವಾದವೆಂದರೆ ಸಂಕ್ರಾಂತಿ ಕಳೆಯಿತೆಂದು ನಾನು ಪಂಚಾಂಗ ನೋಡದೆಯೇ ಹೇಳಬಲ್ಲೆ. ಸಂಕ್ರಾಂತಿ ಕಳೆದರೆ ಸಾಂಗಲಿ ಸೀಮೆಯಲ್ಲಿ ದ್ರಾಕ್ಷಿಯ ಸುಗ್ಗಿ. ಸುಗ್ಗಿ ಬಂದರೆ ಮಿರಜದ ನಮ್ಮ ಮನೆಗೆ ಎರಡು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆ ಬಂದರೆ ಇರುವೆ. ನಾವು ಜೈನರು, ಇರುವೆಯನ್ನು ಒರೆಸಿ ಹಾಕುವ ಸ್ವಾತಂತ್ರ್ಯ ನಮಗಿಲ್ಲ. ಆದ್ದರಿಂದ ನನ್ನ ಹೆಂಡತಿ ಸುಮತಿ ಪೆಟ್ಟಿಗೆಗಳ ಸುತ್ತ ಅರಿಷಿಣ ಪುಡಿಯ ಗೆರೆಯೊಂದನ್ನು ಎಳೆಯುತ್ತಿದ್ದಳು. ಅರಿಷಿಣಕ್ಕೆ ಹೆಸರಾದ ಸಾಂಗಲಿ ಪೇಟೆಯ ಅರಿಷಿಣವಾದ್ದರಿಂದಲೋ ಏನೋ, ಇರುವೆಗಳು ಆ ಗೆರೆಯ ತನಕ ಬಂದು, ಮೀಸೆಯಾಡಿಸಿ, ಮಡಿವಂತರಂತೆ ಹಿಂದಿರುಗುತ್ತಿದ್ದವು. ಇಷ್ಟು ಸಣ್ಣ ವಿಷಯ ಹಿಡಿದು ಕೂತಿದ್ದಾನಲ್ಲ ಈತ ಎಂದು ನಿಮಗೆ ಅನಿಸಬಹುದು. ದೊಡ್ಡ ವಿಷಯ ಹಿಡಿದು ಮಾತನಾಡುವ ಚಟ ನನಗೂ ಇತ್ತು. ಅದರ ಗತಿ ಏನಾಯಿತೆಂದು ಹೇಳುವುದಕ್ಕಾಗಿಯೇ ಇರುವೆಯಿಂದ ಆರಂಭಿಸಿದ್ದೇನೆ.

ನಾನು ಮಿರಜದ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಮನೆಯಲ್ಲಿ ಅರ್ಧ ಕನ್ನಡ, ಬೀದಿಯಲ್ಲಿ ಪೂರ್ತಿ ಮರಾಠಿ, ತರಗತಿಯಲ್ಲಿ ಮಾತ್ರ ಶುದ್ಧ ಗ್ರಾಂಥಿಕ. ಹೀಗೆ ಮೂರು ನಾಲಿಗೆ ಸಾಕಿಕೊಂಡವನಿಗೆ ನಾಲ್ಕು ಜನ ಸೇರಿದಲ್ಲಿ ಸುಮ್ಮನಿರಲು ಸಾಧ್ಯವಿರಲಿಲ್ಲ. ನಾಡಹಬ್ಬವಿರಲಿ, ಯಾರದೋ ನಿವೃತ್ತಿಯ ಸತ್ಕಾರವಿರಲಿ, ನನ್ನ ಭಾಷಣ ಒಂದೇ: ‘ಸಾಹಿತ್ಯದಲ್ಲಿ ತ್ಯಾಗ ಮತ್ತು ಕುಟುಂಬದ ನಂಟು’. ಕಾದಂಬರಿಯ ಅಕ್ಕ ತನ್ನ ಮದುವೆಯನ್ನು ಬಿಡುತ್ತಾಳೆ, ತಾಯಿ ತನ್ನ ತುತ್ತನ್ನು ಬಿಡುತ್ತಾಳೆ, ಹಿರಿಯ ಸೊಸೆ ತನ್ನ ಪಾಲನ್ನು ಬಿಡುತ್ತಾಳೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಮನೆಯವರ ಕಲ್ಲೆದೆ ಕರಗಿ ನೀರಾಗಿ ಎಲ್ಲರೂ ಅವಳ ಕಾಲಿಗೆ ಬೀಳುತ್ತಾರೆ. ಒಬ್ಬರು ಬಿಟ್ಟದ್ದು ಎಲ್ಲರನ್ನೂ ಕಟ್ಟುತ್ತದೆ ಎಂಬ ಸಿದ್ಧಾಂತವನ್ನು ನಾನು ಗದ್ಗದ ಕಂಠದಿಂದ ಮಂಡಿಸುತ್ತಿದ್ದೆ. ಆ ಗದ್ಗದ ಯಾವ ವಾಕ್ಯದಲ್ಲಿ ಬರಬೇಕೆಂಬುದನ್ನೂ ರೂಢಿ ಮಾಡಿಕೊಂಡಿದ್ದೆ.

ಸುಮತಿ ಒಮ್ಮೆ ಮಾತ್ರ ಈ ಭಾಷಣಕ್ಕೆ ಬಂದಿದ್ದಳು. ಹಿಂದಿರುಗುವ ದಾರಿಯಲ್ಲಿ, ಅಭಿಪ್ರಾಯ ಕೇಳುವ ಅವಿವೇಕವನ್ನು ನಾನೇ ಮಾಡಿದೆ. “ಚಲೋ ಮಾತಾಡ್ತೀರಿ. ಆದ್ರ ನಿಮ್ಮ ಕಥಿಯೊಳಗ ಅಕ್ಕ ಅತ್ತರ ತಮ್ಮಂದಿರು ಕರಗ್ತಾರ. ಅವರು ಯಾವ ಊರಿನ ತಮ್ಮಂದಿರ್ರಿ?” ಎಂದಳು. ಇಷ್ಟು ಹೇಳಿ ಕೊತ್ತಂಬರಿ ಕೊಳ್ಳಲು ನಿಂತಳು. ಮೂವತ್ತು ವರ್ಷದ ನನ್ನ ಸಾಹಿತ್ಯ ವ್ಯಾಸಂಗಕ್ಕೆ ಬಂದ ವಿಮರ್ಶೆಗಳಲ್ಲಿ ಇಷ್ಟು ಚುಟುಕಾದದ್ದು, ಇಷ್ಟು ನೋವಿನಿಂದ ಬಂದದ್ದು ಇನ್ನೊಂದಿಲ್ಲ.

ಏಕೆಂದರೆ ಅವಳಿಗೆ ಇಬ್ಬರು ತಮ್ಮಂದಿರಿದ್ದರು. ತಾಯಿ ಬೇಗ ತೀರಿಹೋದ ಮನೆಯಲ್ಲಿ ಆದಗೊಂಡ, ಭೂಪಾಲ ಎಂಬ ಈ ಇಬ್ಬರನ್ನೂ ಒಂದೇ ತಾಟಿನಲ್ಲಿ ಉಣಿಸಿ, ಒಂದೇ ಕೌದಿಯಲ್ಲಿ ಮಲಗಿಸಿ ಬೆಳೆಸಿದವಳು ಅವಳೇ. ಅವರ ಕಾಲ ಮೇಲೆ ಅವರು ನಿಂತ ಮೇಲೆಯೇ ಮದುವೆ ಎಂದು ಹಟ ಹಿಡಿದದ್ದರಿಂದ ಬಂದ ಗಂಡುಗಳೆಲ್ಲ ಹೋಗಿ, ಕಡೆಗೆ ಯಾವ ಅವಸರವೂ ಇಲ್ಲದ ನನ್ನಂಥವನು ಅವಳ ಪಾಲಿಗೆ ಬಂದ. ಸಾಂಗಲಿ ಹತ್ತಿರದ ಬುಧಗಾಂವದಲ್ಲಿ ಅವರ ತಂದೆಯ ದ್ರಾಕ್ಷಿ ತೋಟವಿತ್ತು, ನಡುವೆ ಅವರೇ ಅಗೆಸಿದ ಬಾವಿ. ಸುಗ್ಗಿಯ ದಿನ ಬಾವಿಯ ಕಟ್ಟೆಯ ಮೇಲೆ ಕೂತು ಮೂವರೂ ಗೊಂಚಲಿನಿಂದ ನೇರವಾಗಿ ತಿನ್ನುತ್ತಿದ್ದರಂತೆ. ದ್ರಾಕ್ಷಿಯೆಂದರೆ ಸುಮತಿಗೆ ಪ್ರಾಣ.

ಆಮೇಲೆ ಆ ಕಾಲ ಬಂತು. ಪೇಟೆ ಮುಕ್ತವಾಯಿತು ಎಂದು ಪತ್ರಿಕೆಯವರು ಬರೆದರು. ನಮಗೆ ಕಂಡದ್ದು ಇಷ್ಟೇ: ಸಾಂಗಲಿ ಮಿರಜಗಳ ನಡುವೆ ಹಸಿರಾಗಿದ್ದ ಹೊಲಗಳೆಲ್ಲ ಮೋಟರ್‌ಸೈಕಲ್ ಷೋರೂಮು, ಕಾಲೇಜು, ಕಟ್ಟಡಗಳಾಗಿ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಸುರುವಾಗುತ್ತದೆ ಎಂದು ಬಸ್ಸಿನ ಕಂಡಕ್ಟರನಿಗೂ ತಿಳಿಯದಂತಾಯಿತು. ಎರಡು ಊರುಗಳು ಕೂಡಿಕೊಂಡ ಆ ವರ್ಷಗಳಲ್ಲೇ ಇಬ್ಬರು ಅಣ್ಣತಮ್ಮಂದಿರು ಬೇರೆಯಾದರು. ಆದಗೊಂಡ ತನ್ನ ಪಾಲಿನಲ್ಲಿ ಬಳ್ಳಿ ಇಟ್ಟುಕೊಂಡ. ಭೂಪಾಲ ತನ್ನ ಪಾಲನ್ನು ಪ್ಲಾಟು ಮಾಡಿ ಮಾರಿ ಸಾಂಗಲಿಯಲ್ಲಿ ಮದುವೆಗಳಿಗೆ ಬಾಡಿಗೆ ಕೊಡುವ ಮಂಗಲ ಕಾರ್ಯಾಲಯ ಕಟ್ಟಿದ. ಪ್ಲಾಟಿಗೆ ರಸ್ತೆ ಬೇಕೆಂದಾಗ ಅಣ್ಣ ದಾರಿ ಬಿಡಲಿಲ್ಲ. ದಾರಿ ಬಿಡದಿದ್ದಾಗ ತಮ್ಮ ಗಡಿಯ ಮೇಲಿದ್ದ ಬಾವಿಯನ್ನೇ ಮುಚ್ಚಿಸಿ ಅದರ ಮೇಲೆ ರಸ್ತೆ ಮಾಡಿದ. ತಪ್ಪು ಯಾರದೆಂದು ನನ್ನನ್ನು ಕೇಳಬೇಡಿ. ಅವನು ಹೇಳುವಾಗ ಅವನದು, ಇವನು ಹೇಳುವಾಗ ಇವನದು ಸರಿಯೆನಿಸುವಷ್ಟು ದುರ್ಬಲ ನ್ಯಾಯಬುದ್ಧಿ ನನ್ನದು. ಮಾತು ನಿಂತಿತು. ಒಬ್ಬ ಬಂದಲ್ಲಿ ಇನ್ನೊಬ್ಬ ಬರುವುದೂ ನಿಂತಿತು.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ತ್ಯಾಗವೆನ್ನುವುದು ಕಾದಂಬರಿಗೆ ಬರುವ ಮೊದಲು ಅಡುಗೆಮನೆಗೆ ಬರುತ್ತದೆ. ಮುನಿಗಳ ಮುಂದೆ ಕೈಮುಗಿದು ಒಬ್ಬರು ಒಂದು ವರ್ಷ ತುಪ್ಪ ಬಿಡುತ್ತಾರೆ, ಇನ್ನೊಬ್ಬರು ಜನ್ಮವಿಡೀ ಮಾವಿನಹಣ್ಣು ಬಿಡುತ್ತಾರೆ. ಬಡಿಸುವವರು ‘ನಿಮ್ಮದು ಯಾವುದರ ತ್ಯಾಗ ಐತ್ರಿ’ ಎಂದು ಕೇಳಿಕೊಂಡೇ ಸೌಟು ಎತ್ತುತ್ತಾರೆ. ಚಾತುರ್ಮಾಸಕ್ಕೆ ಬುಧಗಾಂವದ ಬಸದಿಗೆ ಬಂದಿದ್ದ ಮುನಿಗಳ ಮುಂದೆ ಸುಮತಿ ಹೇಳಿದ್ದು ಇದು: “ನನ್ನ ತಮ್ಮಂದಿರು ಒಂದ ಪಂಕ್ತ್ಯಾಗ ಕುಂತು, ಉಂಡು, ಕೂಡಿ ಏಳೂತನಕ ನನಗ ದ್ರಾಕ್ಷಿ ತ್ಯಾಗ.” ಮುನಿಗಳು, “ನಿನ್ನ ನಿಯಮದ ಕೀಲಿಕೈ ಬ್ಯಾರೇಯವರ ಕೈಯಾಗ ಕೊಡಬ್ಯಾಡ, ತಾಯಿ” ಎಂದರು. ಇವಳು ಕೇಳಲಿಲ್ಲ. ಒಂದು ಸುಗ್ಗಿಯ ಮಾತು, ಬಹಳವಾದರೆ ಎರಡು ಎಂದುಕೊಂಡಿದ್ದಳು. ನನ್ನ ಭಾಷಣದ ಪ್ರಕಾರ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮುಂದಿನ ಸಂಕ್ರಾಂತಿಗೆ ಮನೆಗೆ ಎರಡು ಪೆಟ್ಟಿಗೆ ಬಂದವು. ಒಂದು ಆದಗೊಂಡನ ತೋಟದ್ದು. ಇನ್ನೊಂದು, ತೋಟವಿಲ್ಲದ ಭೂಪಾಲ ಪೇಟೆಯಲ್ಲಿ ಆರಿಸಿ ತಂದದ್ದು. ಅಕ್ಕನಿಗೆ ದ್ರಾಕ್ಷಿಯೆಂದರೆ ಪ್ರಾಣ ಎಂಬುದನ್ನು ಇಬ್ಬರೂ ಮರೆತಿರಲಿಲ್ಲ. ಅಕ್ಕ ದ್ರಾಕ್ಷಿ ಬಿಟ್ಟಿದ್ದಾಳೆಂಬುದೂ ಇಬ್ಬರಿಗೂ ಗೊತ್ತಿತ್ತು. ಪ್ರೀತಿ ಇಂಥ ಅಧ್ವಾನವನ್ನೂ ಮಾಡುತ್ತದೆಂದು ನಾನು ಯಾವ ಕಾದಂಬರಿಯಲ್ಲೂ ಓದಿರಲಿಲ್ಲ. ಸುಮತಿ ಎರಡೂ ಪೆಟ್ಟಿಗೆ ಬಿಚ್ಚಿ, ದೊಡ್ಡ ಪರಾತದಲ್ಲಿ ಎರಡನ್ನೂ ಬೆರೆಸಿ, ಯಾವುದು ಯಾರದೆಂದು ಗುರುತು ಸಿಗದ ಹಾಗೆ ಮಾಡಿ ಓಣಿಯವರಿಗೆಲ್ಲ ಹಂಚಿದಳು. ಅವಳ ಎದುರಿಗೆ ತಿನ್ನಲು ನನಗೆ ಮನಸ್ಸಾಗುತ್ತಿರಲಿಲ್ಲ. ಹಾಗೆಂದು ಬಿಡುವಷ್ಟು ವೈರಾಗ್ಯವೂ ಇರಲಿಲ್ಲ. ಮಿರಜ ಸ್ಟೇಶನ್ ಹತ್ತಿರದ ಕೈಗಾಡಿಯಲ್ಲಿ ಪಾವುಕಿಲೋ ಕೊಂಡು, ಕಂಬದ ಮರೆಯಲ್ಲಿ ನಿಂತು ತಿಂದು, ಸಾಧುವಿನ ಮುಖ ಮಾಡಿಕೊಂಡು ಮನೆಗೆ ಬರುತ್ತಿದ್ದೆ. ಒಂದು ದಿನ ಹೊರಟವನ ಕೈಗೆ ಅವಳು ಒಗೆದ ಕರವಸ್ತ್ರ ಕೊಟ್ಟು, “ಬಾಯಿ ಒರಸ್ಕೊಳ್ಳಾಕ ಆಗತೈತಿ, ತೊಗೋರಿ” ಎಂದಳು. ತ್ಯಾಗದ ಕುರಿತು ಅನಂತರ ನಾನು ಸಾರ್ವಜನಿಕವಾಗಿ ಮಾತನಾಡಿದ್ದು ಕಡಿಮೆ.

ಸುಗ್ಗಿಯ ಮೇಲೆ ಸುಗ್ಗಿ ಹೋಯಿತು. ಈ ನಡುವೆ ಒಂದು ವಿಚಿತ್ರ ಸಂಭವಿಸಿತು: ಪಂಕ್ತಿಯೇ ಇಲ್ಲವಾಯಿತು. ನನ್ನ ಬಾಲ್ಯದಲ್ಲಿ ಪಂಕ್ತಿಗೆ ಕೂತರೆ ಕೊನೆಯವನ ಊಟ ಮುಗಿಯುವ ತನಕ ಮೊದಲನೆಯವನು ಏಳುವಂತಿರಲಿಲ್ಲ; ಹಲ್ಲಿಲ್ಲದ ನಮ್ಮ ಕಾಕಾ ಹೋಳಿಗೆಯೊಡನೆ ಸಾವಕಾಶವಾಗಿ ಯುದ್ಧ ಮಾಡುತ್ತಿದ್ದರೆ ಊರಿಗೆ ಊರೇ ಎಂಜಲು ಕೈ ಒಣಗಿಸಿಕೊಂಡು ಅವರ ದವಡೆ ನೋಡುತ್ತ ಕೂತಿರುತ್ತಿತ್ತು. ಈಗ ಎಲ್ಲಿ ನೋಡಿದರೂ ಬಫೆ. ಬಳಗದ ಒಂದು ಮದುವೆ ಭೂಪಾಲನ ಕಾರ್ಯಾಲಯದಲ್ಲೇ ಆಯಿತು. ಬೀಗತನದ ಮುಲಾಜಿಗೆ ಆದಗೊಂಡನೂ ಬಂದ. ತಟ್ಟೆ ಹಿಡಿದ ಸರದಿಯಲ್ಲಿ ಇಬ್ಬರೂ ನಿಂತರು, ನಡುವೆ ಯಾರೋ ಏಳೆಂಟು ಮಂದಿ. ನೆಂಟರೆಲ್ಲ ಸುಮತಿಯ ಸುತ್ತ ನೆರೆದು, ಇದೂ ಪಂಕ್ತಿಯೇ, ಈಗಿನ ಕಾಲದ ಪಂಕ್ತಿ ಹೀಗೆಯೇ, ನಿಯಮ ತೀರಿತು ಎಂದು ಮರಾಠಿಯಲ್ಲೂ ಕನ್ನಡದಲ್ಲೂ ವಾದಿಸಿದರು. ಯಾರೋ ದ್ರಾಕ್ಷಿಯ ತಟ್ಟೆಯನ್ನೂ ತಂದರು. ಅವಳು ಗೋಡೆಗಂಟಿ ಒಬ್ಬೊಬ್ಬರೇ ನಿಂತು ಉಣ್ಣುತ್ತಿದ್ದ ತಮ್ಮಂದಿರನ್ನು ನೋಡಿದಳು. “ಹಿಂಗ ನಿಂತು ಉಣ್ಣೂದು ಬಸ್ ಸ್ಟ್ಯಾಂಡಿನ್ಯಾಗ” ಎಂದು ತಟ್ಟೆ ಸರಿಸಿದಳು. ಎಲ್ಲರೂ ನಕ್ಕರು. ಈ ನಿಯಮ ತೀರದೆಯೇ ಉಳಿದೀತೆಂದು ನನಗೆ ಅಂದು ಮೊದಲ ಬಾರಿ ಭಯವಾಯಿತು.

ಭಯ ಸುಳ್ಳಾಗಲಿಲ್ಲ. ಮರುವರ್ಷ ಸುಗ್ಗಿಯ ಹೊತ್ತಿಗೆ ಸುಮತಿ ಮಿರಜದ ಒಂದು ದವಾಖಾನೆಯಲ್ಲಿದ್ದಳು. ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಪಥ್ಯವೇನೂ ಬೇಡ, ಏನು ಬೇಕೋ ತಿನ್ನಲಿ ಎಂದರು. ಅದೆಷ್ಟು ಸೌಮ್ಯವಾದ ಮಾತು, ಎಷ್ಟು ಕ್ರೂರವಾದ ಮಾತು! ಅವಳಿಗೆ ಏನು ಬೇಕೆಂಬುದು ನನಗೆ ಗೊತ್ತಿತ್ತು. ಬಸ್ಸು ಹತ್ತಿ ಬುಧಗಾಂವಕ್ಕೆ ಹೋದೆ, ಅಲ್ಲಿಂದ ಸಾಂಗಲಿಗೆ ಹೋದೆ, ಇಬ್ಬರ ಮುಂದೆಯೂ ಕೈಮುಗಿದೆ. ಅಕ್ಕನ ಗಂಡನನ್ನು ಇಲ್ಲಿ ದಾಜಿ ಅನ್ನುತ್ತಾರೆ. “ದಾಜಿ, ನೀವು ಕೈ ಮುಗಿಯೂದ್ಯಾಕ, ಅಕ್ಕನ ಸಲುವಾಗಿ ಜೀವಾ ಕೊಡತೇನಿ” ಎಂದು ಇಬ್ಬರೂ ಅತ್ತರು. ಆ ಅಳು ಸುಳ್ಳಲ್ಲ. ಜೀವ ಯಾರಿಗೆ ಬೇಕಾಗಿತ್ತು? ಒಂದು ಊಟ ಬೇಕಾಗಿತ್ತು.

ಬಂದರು. ರೋಗಿಗಳ ಮನೆಯವರು ಉಣ್ಣುವ ಪಡಸಾಲೆಯಲ್ಲಿ ಹೊತ್ತು ಮುಳುಗುವ ಮೊದಲು ಚಾದರ ಹಾಸಿ ಕೂರಿಸಿದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಮೊಸರು, ನಾನೇ ಬಡಿಸಿದೆ. ಮಾತಿಲ್ಲ, ಆದರೂ ಮೊಣಕಾಲಿಗೆ ಮೊಣಕಾಲು ತಾಕುವಷ್ಟು ಹತ್ತಿರ. ಆದಗೊಂಡ ಮೊಸರಿನ ಬಟ್ಟಲನ್ನು ತಮ್ಮನ ಕಡೆಗೆ ಒಂದಿಷ್ಟು ಸರಿಸಿದ್ದನ್ನು ಈ ಕಣ್ಣಿನಿಂದ ನೋಡಿದೆ. ಅಷ್ಟರಲ್ಲಿ ಭೂಪಾಲನ ಜೇಬಿನ ಮೊಬೈಲ್ ರಿಂಗಾಯಿತು. ಕಾರ್ಯಾಲಯದ ಗಿರಾಕಿ, ಮದುವೆಯ ತಾರೀಕು. ಎಡಗೈಯಲ್ಲಿ ಕಿವಿಗಿಟ್ಟು, ಕೇಳಿಸಲಿಲ್ಲವೆಂದು ಎದ್ದು, ಪಡಸಾಲೆಯ ಕೊನೆಗೆ ನಡೆದ. ಆದಗೊಂಡನ ಕೈ ತುತ್ತಿನಲ್ಲೇ ನಿಂತಿತು. “ನೋಡಿದ್ರ್ಯಾ ದಾಜಿ?” ಎಂದವನು ಕೈ ತೊಳೆಯಲು ಎದ್ದುಹೋದ. ಭೂಪಾಲ ಹಿಂದಿರುಗಿ ಖಾಲಿ ಜಾಗ ನೋಡಿ, “ಅಂವಾ ಎದ್ದಾನಂದ್ರ ನಾ ಯಾಕ ಕುಂದ್ರಲಿ?” ಎಂದ. ಇಬ್ಬರನ್ನೂ ಕತ್ತು ಹಿಡಿದು ಕೂರಿಸಬೇಕೆನಿಸಿತು.

ಒಳಗೆ ಹೋದೆ. ಸುಮತಿ ಎಚ್ಚರವಾಗಿದ್ದಳು. “ಉಂಡ್ರೇನ್ರಿ?” ಎಂದಳು. ಉಂಡರು ಎಂದೆ. “ಕೂಡಿ ಎದ್ರೇನ್ರಿ?”

ಎಷ್ಟೋ ಸಭೆಗಳಲ್ಲಿ ಕೊನೆಯ ಪುಟದ ಕರುಣರಸವನ್ನು ಧಾರಾಳವಾಗಿ ಹಂಚಿದವನ ಬಾಯಲ್ಲಿ ಒಂದು ‘ಹೌದು’ ಹೊರಡಲಿಲ್ಲ. ಅವಳು ನನ್ನ ಮುಖ ನೋಡಿದಳು. “ಅಂದ್ರ ಇಬ್ರೂ ಅರ್ಧಾ ಹೊಟ್ಟೀಲೆ ಎದ್ದಾರ ಅನ್ರಿ. ಏನಾರ ಕಟ್ಟಿ ಕಳಸ್ರಿ ಅವರಿಗೆ” ಎಂದು ಆ ಕಡೆ ಹೊರಳಿದಳು. ಆ ಸುಗ್ಗಿ ಮುಗಿಯುವ ಮೊದಲೇ ಹೋದಳು, ದ್ರಾಕ್ಷಿ ತಿನ್ನದೆಯೇ.

ಈ ವರ್ಷ ಮತ್ತೆ ಎರಡು ಪೆಟ್ಟಿಗೆ ಬಂದಿವೆ. ಮೊದಲು ಬಂದ ಆದಗೊಂಡ ಕಣ್ಣೊರೆಸಿಕೊಂಡು ಹೇಳಿದ: “ಅಕ್ಕನ ಹೆಸರಿಲೆ ಆಜನ್ಮ ದ್ರಾಕ್ಷಿ ತ್ಯಾಗ ಮಾಡೇನಿ, ದಾಜಿ.” ದ್ರಾಕ್ಷಿ ಬೆಳೆಯುವವನು, ಹಣ್ಣಿಗೆ ಸಿಹಿ ಬಂತೋ ಇಲ್ಲವೋ ಎಂದು ಇನ್ನು ಕೂಲಿಯವರ ನಾಲಿಗೆಯನ್ನು ಕೇಳಬೇಕು. ಮರುದಿನ ಭೂಪಾಲ ಬಂದು, ಅಣ್ಣ ಹೇಳಿದ್ದು ತಿಳಿಯದೆ, ತಾನೂ ಅದನ್ನೇ ಹೇಳಿದ. ನನ್ನ ಹಳೆಯ ಸಿದ್ಧಾಂತ ಒಂದು ಕ್ಷಣ ತಲೆಯೆತ್ತಿತು. ‘ನಿಮ್ಮಣ್ಣನೂ ಅದನ್ನೇ ಬಿಟ್ಟಿದ್ದಾನಪ್ಪ’ ಎಂದೆ. ಈಗಲಾದರೂ ಕರಗುತ್ತಾನೆಂದು ಅವನ ಮುಖವನ್ನೇ ನೋಡಿದೆ. ಅವನು ತುಸು ಯೋಚಿಸಿ ಕೇಳಿದ: “ಮೊದಲ ಯಾರು ಬಿಟ್ರು, ದಾಜಿ? ಅಂವಾ ಬಿಟ್ನೋ, ನಾನೋ?”

ಬಿಡುವುದನ್ನು ಇಷ್ಟು ಕೊಂಡಾಡಿದ ನಮ್ಮ ಸಾಹಿತ್ಯ, ಏನನ್ನು ಬಿಡಬೇಕಾಗಿತ್ತೆಂದು ಒಮ್ಮೆ ನಿಲ್ಲಿಸಿ ಕೇಳಬೇಕಾಗಿತ್ತು. ಪ್ರಾಣಕ್ಕಿಂತ ಪ್ರಿಯವಾದ ಹಣ್ಣನ್ನು ಮೂವರೂ ಬಿಟ್ಟರು. ಆ ಮನೆಯಲ್ಲಿ ಬಿಡಬೇಕಾಗಿದ್ದದ್ದು ಹಣ್ಣಲ್ಲ. ಇದನ್ನು ತಿಳಿದು ಈಗ ನಾನು ಯಾರಿಗೆ ಭಾಷಣ ಮಾಡಲಿ?

ಪೆಟ್ಟಿಗೆಗಳು ಕಟ್ಟೆಯ ಮೇಲಿವೆ, ಒಂದು ಈ ತುದಿಗೆ, ಒಂದು ಆ ತುದಿಗೆ. ಬೆರೆಸುವ ಕೈಯಿಲ್ಲ. ಸ್ಟೇಶನ್ನಿನ ಕೈಗಾಡಿಯ ಕಡೆಗೂ ನಾನು ಹೋಗುವುದಿಲ್ಲ. ನಿಯಮವೇನೂ ಇಲ್ಲ, ರುಚಿ ಹತ್ತುವುದಿಲ್ಲ ಅಷ್ಟೆ. ಅರಿಷಿಣದ ಡಬ್ಬಿ ತೆಗೆದವನು ಹಾಗೆಯೇ ಮುಚ್ಚಿಟ್ಟೆ. ಇರುವೆಗಳು ಬಂದಿವೆ, ಗೆರೆಯಿಲ್ಲದ್ದನ್ನು ಕಂಡು ಮೊದಲು ಸ್ವಲ್ಪ ಅನುಮಾನಿಸಿದವು. ಈಗ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಯ ತನಕ ಒಂದೇ ಪಂಕ್ತಿ. ಅವುಗಳ ಊಟ ಮುಗಿಯುವ ತನಕ ನಾನೂ ಏಳುವುದಿಲ್ಲವೆಂದು ಪಕ್ಕದಲ್ಲಿ ಕೂತಿದ್ದೇನೆ.