ಭಂಡಾರ ಹಚ್ಚಿದ ಸ್ಟೇರಿಂಗ್ ರಾಡ್

ತುರೋರಿಯ ಹೆದ್ದಾರಿ ಬದಿಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ. ಅಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ, ಅದರಲ್ಲೂ ನನ್ನ ಅಕ್ಕನ ಗಂಡನ ಮಾತನ್ನು. ಭಾವ ಕುರಿ ಸಾಕುವವರು, ಬೀರಪ್ಪನ ಭಕ್ತರು. ಹೊಸದೇನು ಬಂದರೂ ಅದಕ್ಕೆ ಭಂಡಾರ, ಅಂದರೆ ದೇವರ ಅರಿಸಿನ, ಬಳಿಯದೆ ಬಳಸುವುದಿಲ್ಲ. ಅವರ ಮನೆಯ ಫ್ರಿಜ್‌ಗೆ ಕಾಮಾಲೆ ಆಗಿದೆ ಎಂದು ನಾನು ಊರೆಲ್ಲ ಸಾರಿಕೊಂಡು ಬಂದಿದ್ದೆ.

ಕಳೆದ ಮಳೆಗಾಲಕ್ಕೆ ಮುಂಚೆ ಭಾವ ಒಂದು ಹಳೆಯ ಫೋರ್-ವೀಲ್ ಪಿಕಪ್ ತಂದು ನಿಲ್ಲಿಸಿದರು. ಕಾಸಾರಶಿರಸಿಯ ಆಚೆ ಅವರ ಹೊಲದ ದಾರಿ ಹಳ್ಳಕ್ಕಿಳಿದು ಕಲ್ಲಿನ ದಿಬ್ಬ ಹತ್ತುತ್ತದೆ. ಅಕ್ಕ, ಇಬ್ಬರು ಮಕ್ಕಳು ಓಡಾಡುವುದೂ ಅದರಲ್ಲೇ. ಗಾಡಿಯ ಸ್ಪ್ರಿಂಗ್ ಪಾಟಾಗಳಿಗೆ ಒಂದೊಂದು ಪಟ್ಟಿ ಸೇರಿಸಿ, ಅವುಗಳ ಕೊಂಡಿ ಉದ್ದ ಮಾಡಿ, ತಳ ಕಲ್ಲಿಗೆ ತಾಗದಂತೆ ಗೇಣೆತ್ತರ ಏರಿಸಿದೆ. ಈಗ ಚಕ್ರ ತಿರುಗಿಸುವ ಸ್ಟೇರಿಂಗ್ ರಾಡ್ ಗಿಡ್ಡವಾಯಿತು. ದಪ್ಪ ಪೈಪು ಕತ್ತರಿಸಿ ಹಳೆಯ ರಾಡಿನ ತುದಿಗಳನ್ನು ಅದಕ್ಕೆ ಬೆಸೆದೆ.

ಪಕ್ಕದಲ್ಲೇ ಚಹಾ ಕುಡಿಯುತ್ತ ಕೂತಿದ್ದ ಭಾವ ಕೆಣಕಿದರು. "ಏನಪಾ, ನಿನ್ನ ಕೆಲಸ ಮುಗಿಯೋತನಕಾ ನನ್ನ ಮರಿಗೋಳು ಕುರಿ ಆಗ್ತಾವ."

ನನಗೆ ರೇಗಿತು. ಬಿಸಿ ಬೆಸುಗೆಯನ್ನು ತಾನಾಗಿಯೇ ಆರಲು ಬಿಡಬೇಕು, ಚೆನ್ನಾಗಿ ಗೊತ್ತು. ಆದರೂ ನೀರಿನ ಬಕೆಟ್ಟಿಗೆ ಅದ್ದಿದೆ. ಚುಂಯ್ ಎಂದಿತು. ಎಣ್ಣೆ ಸವರಿ ಅವರ ಮುಂದೆ ಕುಕ್ಕಿದೆ.

"ತಗೋರಿ. ಆನಿ ಜಗ್ಗಿದ್ರೂ ಮುರಿಯಂಗಿಲ್ಲ."

"ಥಾಂಬ್, ಥಾಂಬ್" ಎಂದು ಮರಾಠಿಯಲ್ಲಿ ತಡೆಯುತ್ತ ಭಾವ ಕಿಸೆಯಿಂದ ಭಂಡಾರ ತೆಗೆದು ರಾಡಿಗೆಲ್ಲ ಬಳಿದರು.

"ರಾಡಿಗೂ ಮದುವಿ ಮಾಡ್ತೀರೇನ್ರಿ, ಭಾವಾ?" ಎಂದು ಅಣಕಿಸಿ ನಾನು ಬಟ್ಟೆಯಿಂದ ಒರೆಸಿ ಹಾಕಿದೆ. ಎಲ್ಲ ಹೋಯಿತು. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ ಮಾತ್ರ ಉಳಿಯಿತು. ಉಜ್ಜಿದೆ. ಹೋಗಲಿಲ್ಲ.

ಬಿರುಕು! ಒಳಗಿಳಿದಿದ್ದ ಎಣ್ಣೆ ಜಿನುಗಿ ಅರಿಸಿನವನ್ನು ಹಿಡಿದುಕೊಂಡಿತ್ತು. ರಾಡನ್ನು ವೈಸಿನ ಹಿಡಿತಕ್ಕೆ ಬಿಗಿದು ಸುತ್ತಿಗೆಯಿಂದ ಎರಡು ಏಟು ಕೊಟ್ಟೆ. ತುದಿ ಕಳಚಿ ನೆಲಕ್ಕೆ ಬಿತ್ತು. ಅಕ್ಕ, ಮಕ್ಕಳು ಕೂತಿರುವಾಗ ಆ ದಿಬ್ಬದ ಮೇಲೆ ಇದು ಕಳಚಿದ್ದರೆ? ಭಾವ ತುಂಡನ್ನು ಎತ್ತಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೈಗುಳಕ್ಕೆ ಕಾದು ನಿಂತೆ.

"ಇನ್ನೊಂದು ಚಹಾ ಹೇಳು," ಅಂದರು. "ನನಗ ಅವಸರಿಲ್ಲ."

ಮರುದಿನ ಹೊಸ ತುದಿಗಳನ್ನು ತಂದು ಬೆಸೆದು, ಬೂದಿಯಲ್ಲಿಟ್ಟು ನಿಧಾನವಾಗಿ ಆರಿಸಿದೆ. ಎಣ್ಣೆ ಸವರಿ, ಭಂಡಾರವನ್ನು ನಾನೇ ಕೇಳಿ ಬಳಿದೆ, ಒರೆಸಿದೆ, ಬಿಸಿಲಿಗೆ ಹಿಡಿದು ನೋಡಿದೆ. ಗೆರೆ ಇರಲಿಲ್ಲ.

ಸಂಜೆ ಮಕ್ಕಳೊಂದಿಗೆ ಬಂದ ಅಕ್ಕ ಕೇಳಿದಳು, "ಒಂದಿನದ ಕೆಲಸಕ್ಕ ಎರಡ್ದಿನ ಯಾಕ ಬೇಕಾತು?"

ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಭಾವ, "ನಾನ ತಡಾ ಮಾಡಿಸೀನಿ. ನಿನ್ನ ತಮ್ಮನ ಕೆಲಸದಾಗ ಏನೂ ಐಬಿಲ್ಲ. ನಡಿ, ಹತ್ತು," ಎಂದರು.

ಅಕ್ಕ ಮಕ್ಕಳನ್ನು ಹತ್ತಿಸಿ ತಾನೂ ಮುಂದಿನ ಸೀಟಿನಲ್ಲಿ ಕೂತಳು. ಆ ಮನುಷ್ಯನನ್ನು ಊರೆಲ್ಲ ನಗೆಪಾಟಲು ಮಾಡಿದ್ದ ನನಗೆ, ಗಾಡಿ ಹೊರಟಾಗ, "ಹುಷಾರಿ ಹೋಗ್ರಿ" ಎನ್ನಲೂ ನಾಚಿಕೆಯಾಯಿತು.